ಮನೆಯೋ ಸ್ಯಾನಟೋರಿಯಮ್ಮೋ? ಮದರಾಸಿನ ಒಂದು ಹಳೇ ಪ್ರಯೋಗದ ಕಥೆ

ಬೀಚ್ ಸ್ಟೇಷನ್ನಿನಿಂದ ತಾಂಬರಂ ಕಡೆಗೆ ಹೋಗುವ ಎಲೆಕ್ಟ್ರಿಕ್ ರೈಲು ಹತ್ತಿದವರಿಗೆ ಗೊತ್ತಿರುತ್ತೆ, ಪಲ್ಲಾವರಂ ಆಯ್ತು, ಕ್ರೋಂಪೇಟೆ ಆಯ್ತು, ಆಮೇಲೆ ಬರೋದು 'ತಾಂಬರಂ ಸ್ಯಾನಟೋರಿಯಂ'. ಒಂದು ರೈಲ್ವೆ ಸ್ಟೇಷನ್ನಿಗೆ ಆಸ್ಪತ್ರೆಯ ಹೆಸರು. ಈ ಊರಿನ ಜನ ಅದನ್ನೂ ಮೊಟಕು ಮಾಡಿ ಬರೀ 'ಸ್ಯಾನಟೋರಿಯಂ' ಅಂತಾರೆ. "ಸ್ಯಾನಟೋರಿಯಂನಲ್ಲಿ ಮನೆ ಕಟ್ಟಿಸ್ತಾ ಇದೀವಿ" ಅಂತ ನಮ್ಮ ಆಫೀಸಿನವರೊಬ್ಬರು ಹೇಳಿದಾಗ, ಆಗಷ್ಟೇ ಊರಿಂದ ಬಂದಿದ್ದ ನಾನು ಪೆಚ್ಚಾಗಿ ನಿಂತಿದ್ದೆ. ನಮ್ಮ ಕಡೆ ಆ ಪದವನ್ನು ಜೋರಾಗಿ ಹೇಳುತ್ತಿರಲಿಲ್ಲ.

ನಾನು ತಿಪಟೂರಿನ ಕಡೆಯವನು. ಮದರಾಸಿಗೆ ಬಂದಿದ್ದು 1986ರಲ್ಲಿ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ನಾನು ಹುಟ್ಟುವ ಮುಂಚೆಯೇ 'ಎದೆ ಕಾಯಿಲೆ'ಯಿಂದ ತೀರಿಕೊಂಡವರು. ಕ್ಷಯ ಅಂತ ಯಾರೂ ಹೇಳುತ್ತಿರಲಿಲ್ಲ. ದೂರದ ಒಂದು ಸ್ಯಾನಟೋರಿಯಮ್ಮಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದರಂತೆ. ಅವರನ್ನು ಇರಿಸೋದಕ್ಕೆ ತಾತ ಎರಡು ತೆಂಗಿನ ತೋಟದಲ್ಲಿ ಒಂದನ್ನು ಮಾರಿದರಂತೆ. ಅವರು ಮಲಗುತ್ತಿದ್ದ ಚಾಪೆ, ತಟ್ಟೆ, ಲೋಟ ಎಲ್ಲವನ್ನೂ ಅಜ್ಜಿ ಹಿತ್ತಿಲಲ್ಲಿ ಸುಟ್ಟರಂತೆ, ಹೂತರಂತೆ. ದೊಡ್ಡಪ್ಪನ ಮಗಳ ಮದುವೆ ಮಾತುಕತೆಯಲ್ಲಿ ಇಪ್ಪತ್ತು ವರ್ಷ ಆದಮೇಲೂ ಈ ಸಂಗತಿ ಯಾರಾದರೂ ಎತ್ತಿಯಾರೆಂಬ ಭಯ ನಮ್ಮ ಮನೆಯಲ್ಲಿತ್ತು. ಇಷ್ಟು ಹೇಳಿದ್ದು ಯಾಕೆಂದರೆ, ಈ ಬರಹದ ವಿಷಯವೇ ಅದು. ಕ್ಷಯ ಬಂದವರನ್ನು ಮನೆಯಿಂದ ಕಳಿಸಲೇಬೇಕಾ? ಈ ಪ್ರಶ್ನೆಗೆ ಇಡೀ ಜಗತ್ತು ಒಪ್ಪುವಂಥ ಉತ್ತರ ಸಿಕ್ಕಿದ್ದು ಲಂಡನ್ನಿನಲ್ಲಿ ಅಲ್ಲ, ಸ್ವಿಟ್ಜರ್ಲೆಂಡಿನಲ್ಲೂ ಅಲ್ಲ. ನಾನು ಮೂವತ್ತೆಂಟು ವರ್ಷದಿಂದ ಬಸ್ಸಿನಲ್ಲಿ ಹಾದುಹೋಗುತ್ತಿರುವ ಚೆನ್ನೈನ ಚೇತ್‌ಪೇಟೆಯಲ್ಲಿ.

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದದ್ದನ್ನು ಘೋಷಿಸಿದ್ದು 1882ರ ಮಾರ್ಚ್ 24ರಂದು. ಕಾರಣ ಗೊತ್ತಾಯಿತು, ಆದರೆ ಔಷಧಿ ಬರೋದಕ್ಕೆ ಅರವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ಒಂದೇ ದಾರಿ: ಒಳ್ಳೆ ಗಾಳಿ, ಒಳ್ಳೆ ಊಟ, ಪೂರ್ತಿ ವಿಶ್ರಾಂತಿ. ಅದೇ ಸ್ಯಾನಟೋರಿಯಂ. ತಾಂಬರಂನದನ್ನು 1928ರಲ್ಲಿ ಶುರು ಮಾಡಿದವರು ಡಾ. ಚೌರಿ ಮುತ್ತು ಎಂಬ ವೈದ್ಯರು. ಅದಕ್ಕೂ ಮುಂಚೆ ಇಂಗ್ಲೆಂಡಿನ ಮೆಂಡಿಪ್ ಬೆಟ್ಟಗಳಲ್ಲಿ ಅವರದ್ದೇ ಒಂದು ಸ್ಯಾನಟೋರಿಯಂ ಇತ್ತು. ಅಲ್ಲಿ ಅವರ ರೋಗಿಯಾಗಿದ್ದವರಲ್ಲಿ ಒಬ್ಬರು ನಮಗೆಲ್ಲ ಗೊತ್ತಿರುವ ಗಣಿತಜ್ಞ ಶ್ರೀನಿವಾಸ ರಾಮಾನುಜನ್! ಕೊರೆಯುವ ಚಳಿಯಲ್ಲಿ ಕಿಟಕಿ ತೆರೆದಿಟ್ಟುಕೊಂಡು ಮಲಗಬೇಕಾದ ಆ ಚಿಕಿತ್ಸೆ ಕುಂಭಕೋಣದ ಹುಡುಗನಿಗೆ ಹೇಗಿದ್ದಿರಬಹುದು, ನೀವೇ ಊಹಿಸಿಕೊಳ್ಳಿ. ಊರಿಗೆ ಮರಳಿದ ರಾಮಾನುಜನ್ 1920ರ ಏಪ್ರಿಲ್ 26ರಂದು ತೀರಿಕೊಂಡರು. ಎಲ್ಲಿ ಅಂತೀರಿ? ಇದೇ ಚೇತ್‌ಪೇಟೆಯಲ್ಲಿ. ಅವರಿಗೆ ಇದ್ದದ್ದು ಕ್ಷಯವೇ ಅಲ್ಲ, ಪಿತ್ತಜನಕಾಂಗಕ್ಕೆ ಹತ್ತಿದ ಅಮೀಬಾ ಸೋಂಕು ಇದ್ದಿರಬಹುದು ಅಂತ 1994ರಲ್ಲಿ ಬ್ರಿಟನ್ನಿನ ವೈದ್ಯರೊಬ್ಬರು ಹಳೇ ದಾಖಲೆ ತಿರುವಿ ಹಾಕಿ ವಾದಿಸಿದ್ದಾರೆ. ಹಾಗಿದ್ದರೆ ಆ ಚಳಿಯಲ್ಲಿ ಮಲಗಿದ್ದೂ ದಂಡ. ರೋಗ ಯಾವುದು ಅಂತ ಗುರುತಿಸೋದೇ ಅರ್ಧ ಯುದ್ಧ ಅನ್ನೋದು ಸುಮ್ಮನೆ ಅಲ್ಲ.

ನಮ್ಮ ಮೈಸೂರಿಗೂ ಈ ನೋವು ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡದ್ದು. ಅವರ ನೆನಪಿಗೆ ಕಟ್ಟಿದ್ದೇ ಮೈಸೂರಿನ ಪಿ.ಕೆ. ಸ್ಯಾನಟೋರಿಯಂ. ಅರಮನೆಯನ್ನೂ ಬಿಡದ ರೋಗ ತೋಟ ಮಾರುವವರನ್ನು ಬಿಟ್ಟೀತೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಸ್ಟ್ರೆಪ್ಟೊಮೈಸಿನ್ ಬಂತು, ಆಮೇಲೆ ಪ್ಯಾಸ್ ಎಂಬ ಔಷಧಿ, 1952ರಲ್ಲಿ ಐಸೋನಿಯಾಜಿಡ್. ಸಾಯುತ್ತಿದ್ದವರು ಎದ್ದು ಕೂರತೊಡಗಿದರು. ಸ್ಟ್ರೆಪ್ಟೊಮೈಸಿನ್ನಿನ ಜೊತೆಜೊತೆಗೇ ಇನ್ನೊಂದು ಸದ್ದಿಲ್ಲದ ಕ್ರಾಂತಿಯೂ ಆಯಿತು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನವರು ಆ ಔಷಧಿಯನ್ನು ಪರೀಕ್ಷಿಸುವಾಗ ಯಾವ ರೋಗಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅನ್ನೋದನ್ನು ಡಾಕ್ಟರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಡಾಕ್ಟರಿಗೆ ಬಿಟ್ಟರೆ ಗಟ್ಟಿಮುಟ್ಟಾದ ರೋಗಿಗೇ ಹೊಸ ಔಷಧಿ ಕೊಟ್ಟು, ಆಮೇಲೆ 'ನೋಡಿ ಎಷ್ಟು ಚೆನ್ನಾಗಿ ಗುಣವಾದ' ಅನ್ನುವ ಅಪಾಯ ಇರುತ್ತೆ. ಚೀಟಿಗೆ ಕರುಣೆಯೂ ಇಲ್ಲ, ಪಕ್ಷಪಾತವೂ ಇಲ್ಲ. ಇವತ್ತು ಯಾವ ಔಷಧಿಯೇ ಬರಲಿ, ಪರೀಕ್ಷೆ ನಡೆಯೋದು ಈ ಕ್ರಮದಲ್ಲೇ.

ಔಷಧಿ ಬಂದರೂ ಭಾರತದ ಸಮಸ್ಯೆ ಬೇರೆಯೇ ಇತ್ತು. 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗೊತ್ತಾದದ್ದು, ಈ ರೋಗ ಪೇಟೆಯಷ್ಟೇ ಹಳ್ಳಿಯಲ್ಲೂ ಇದೆ, ಲೆಕ್ಕ ಹಾಕಿದರೆ ಲಕ್ಷಲಕ್ಷ ರೋಗಿಗಳು ಅಂತ. ಹಾಸಿಗೆಗಳು ಸಾವಿರಗಳಲ್ಲಿದ್ದವು. ಎಲ್ಲರಿಗೂ ಸ್ಯಾನಟೋರಿಯಂ ಕಟ್ಟಲು ದೇಶದ ಖಜಾನೆಯೇ ಸಾಲದು. ಮನೆಯಲ್ಲೇ ಇಟ್ಟು ಮಾತ್ರೆ ಕೊಟ್ಟರೆ? "ಕೊಡಬಹುದು, ಬೇರೆ ದಾರಿ ಇಲ್ಲವಲ್ಲ" ಅಂತ ಅರೆಮನಸ್ಸಿನಿಂದ ಹೇಳುವವರಿದ್ದರು. ಆದರೆ ಗುಡಿಸಲಿನಲ್ಲಿ, ಹೊಟ್ಟೆಗಿಲ್ಲದೆ, ಎಂಟು ಜನರ ಮಧ್ಯೆ ಮಲಗಿ ಕೆಮ್ಮುವವನಿಗೆ ಮಾತ್ರೆ ಹತ್ತುತ್ತಾ? ಅವನಿಂದ ಮನೆಮಂದಿಗೆಲ್ಲ ಅಂಟೋದಿಲ್ವಾ? ಇದನ್ನು ಯಾರೂ ಅಳೆದು ನೋಡಿರಲಿಲ್ಲ.

ಅಳೆಯೋದಕ್ಕೆ ಅಂತಲೇ 1956ರಲ್ಲಿ ಮದರಾಸಿನಲ್ಲಿ ಕ್ಷಯ ಔಷಧಚಿಕಿತ್ಸಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ನಾಲ್ಕೂ ಸೇರಿ ಮಾಡಿದ್ದು. ಮುಂದಾಳಾಗಿ ಬಂದವರು ವ್ಯಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯ. ಆಗ ವಯಸ್ಸು ಮೂವತ್ತೈದರ ಆಸುಪಾಸು. ಅವರ ಜೊತೆ ದೇವದತ್ತ, ರಾಮಕೃಷ್ಣನ್, ಗಂಗಾಧರಂ, ರಾಧಾಕೃಷ್ಣ, ವೇಲು ಮುಂತಾದ ನಮ್ಮವರು.

ಆ ಮೊದಲ ಪ್ರಯೋಗ ಕೇಳೋದಕ್ಕೆ ಬಹಳ ಸರಳ. ನಗರದ ಬಡ ಬಡಾವಣೆಗಳಿಂದ ಬಂದ 193 ರೋಗಿಗಳು. ಚೀಟಿ ಎತ್ತಿ ಅರ್ಧದಷ್ಟು ಜನರನ್ನು ಸ್ಯಾನಟೋರಿಯಮ್ಮಿಗೆ ಕಳಿಸಿದರು, ಉಳಿದವರನ್ನು ಮನೆಗೆ. ಇಬ್ಬರಿಗೂ ಒಂದೇ ಔಷಧಿ, ಐಸೋನಿಯಾಜಿಡ್ ಮತ್ತು ಪ್ಯಾಸ್, ಒಂದು ವರ್ಷ. ಸ್ಯಾನಟೋರಿಯಮ್ಮಿನವರಿಗೆ ಹಾಸಿಗೆ, ದಾದಿಯರು, ಹಾಲು ಮೊಟ್ಟೆ ಮಾಂಸ ಇರುವ ಊಟ, ವಿಶ್ರಾಂತಿ. ಮನೆಯವರಿಗೆ ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಬಂದು ಔಷಧಿ ಒಯ್ಯುವ ಕೆಲಸ, ಅಷ್ಟೆ. ಅದೇ ಕಿಷ್ಕಿಂಧೆಯಂಥ ಮನೆ, ಅದೇ ಗಂಜಿ. ಸ್ವಲ್ಪ ಚೇತರಿಸಿಕೊಂಡ ಕೂಡಲೇ ಎಷ್ಟೋ ಜನ ಕೂಲಿಗೂ ಹೊರಟುಬಿಡುತ್ತಿದ್ದರು. ಇರಬೇಕಲ್ಲ ಹೊಟ್ಟೆಪಾಡು.

1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ನಿನಲ್ಲಿ ಫಲಿತಾಂಶ ಬಂತು. ವರ್ಷದ ಕೊನೆಗೆ ಕಫದಲ್ಲಿ ಬ್ಯಾಕ್ಟೀರಿಯಾ ಇಲ್ಲದೆ ರೋಗ ತಣ್ಣಗಾದವರು ಸ್ಯಾನಟೋರಿಯಮ್ಮಿನಲ್ಲಿ ನೂರಕ್ಕೆ ಸುಮಾರು 92, ಮನೆಯಲ್ಲಿ ಸುಮಾರು 86. ಹೆಚ್ಚೇನೂ ವ್ಯತ್ಯಾಸವಿಲ್ಲ. ಸ್ಯಾನಟೋರಿಯಮ್ಮಿನವರು ಮೈತೂಕ ಜಾಸ್ತಿ ಹೆಚ್ಚಿಸಿಕೊಂಡಿದ್ದರು, ಸಹಜವೇ. ಆದರೆ ಆ ತೂಕಕ್ಕೂ ರೋಗ ಗುಣವಾಗೋದಕ್ಕೂ ನಂಟು ಕಾಣಲಿಲ್ಲ. ಕೆಲಸ ಮಾಡಿದ್ದು ಮಾತ್ರೆ. ಐದು ವರ್ಷ ಬೆನ್ನುಹತ್ತಿ ನೋಡಿದಾಗಲೂ ಮನೆಯವರಲ್ಲಿ ರೋಗ ಮರುಕಳಿಸಿದ್ದು ಹೆಚ್ಚೇನಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕಿಂತ ಇನ್ನೊಂದು ಸಂಗತಿ. ಈ ರೋಗಿಗಳ ಹೆಂಡತಿ ಮಕ್ಕಳು, ಅಪ್ಪ ಅಮ್ಮ ಎಲ್ಲರನ್ನೂ ಅವರು ಐದು ವರ್ಷ ಪರೀಕ್ಷಿಸುತ್ತಲೇ ಇದ್ದರು. ಮನೆಯಲ್ಲಿ ರೋಗಿ ಇದ್ದ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಬಂದದ್ದು, ರೋಗಿಯನ್ನು ದೂರ ಕಳಿಸಿದ ಕುಟುಂಬಗಳಿಗಿಂತ ಹೆಚ್ಚಿರಲಿಲ್ಲ. ಯಾಕೆಂದರೆ ಅಂಟೋದು ಬಹುಪಾಲು ಚಿಕಿತ್ಸೆ ಶುರುವಾಗುವ ಮುಂಚೆ, ರೋಗ ಅಂತಲೇ ಗೊತ್ತಿಲ್ಲದೆ ಕೆಮ್ಮುತ್ತಿದ್ದ ತಿಂಗಳುಗಳಲ್ಲಿ. ಮಾತ್ರೆ ಹೊಟ್ಟೆಗೆ ಬಿದ್ದಮೇಲೆ ಅಪಾಯ ಬೇಗ ಇಳಿಯುತ್ತೆ. ಅಂದರೆ ನಮ್ಮ ಅಜ್ಜಿ ಸುಟ್ಟ ಚಾಪೆ, ಹೂತ ಲೋಟ... ಅವರ ತಪ್ಪೇನಿಲ್ಲ ಬಿಡಿ, ದೊಡ್ಡಪ್ಪನ ಕಾಲಕ್ಕೆ ಈ ವರದಿ ಇನ್ನೂ ಬಂದಿರಲಿಲ್ಲ.

ಸ್ಯಾನಟೋರಿಯಮ್ಮಿನಿಂದ ಮಧ್ಯದಲ್ಲೇ ಎದ್ದು ಮನೆಗೆ ಹೋದವರೂ ಇದ್ದರು. ಮೊಟ್ಟೆ ಹಾಲು ಬಿಟ್ಟು ಯಾಕೆ ಹೋದರು ಅಂತ ಯಾರಿಗಾದರೂ ಅನ್ನಿಸಬಹುದು. ಸಂಸಾರ ಬಿಟ್ಟು ಇದ್ದವರಿಗೆ ಮಾತ್ರ ಗೊತ್ತಾಗೋ ಮಾತು ಅದು.

ಇನ್ನು ನನ್ನ ಕಥೆ. ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದ್ದೇನೆ. 1989ರಲ್ಲಿ ತಿರುವಲ್ಲಿಕ್ಕೇಣಿಯ ಒಂದು ಮ್ಯಾನ್ಷನ್ನಿನಲ್ಲಿದ್ದೆ. ಮದರಾಸು ಗೊತ್ತಿಲ್ಲದವರಿಗೆ ಹೇಳಬೇಕು, ಇಲ್ಲಿ ಮ್ಯಾನ್ಷನ್ ಅಂದರೆ ಬಂಗಲೆಯಲ್ಲ, ಬ್ರಹ್ಮಚಾರಿಗಳ ಗೂಡು. ಹತ್ತಕ್ಕೆ ಹತ್ತರ ರೂಮಿನಲ್ಲಿ ಇಬ್ಬರು ಮೂವರು, ಮಹಡಿಗೊಂದು ಸಾಲು ಕಕ್ಕಸು. ನನ್ನ ಜೊತೆ ಇದ್ದವನು ಕುಂದಾಪುರದ ಕಡೆಯ ಶೆಟ್ಟಿ, ಉಡುಪಿ ಹೋಟೆಲೊಂದರಲ್ಲಿ ಕ್ಯಾಷಿಯರ್. ನನಗೆ ಮೂರು ತಿಂಗಳು ಕೆಮ್ಮು. ಹತ್ತಿರದ ಒಬ್ಬ ಡಾಕ್ಟರು ಪ್ರತಿ ಸಲವೂ ಕೆಮ್ಮಿನ ಸಿರಪ್ಪು ಬರೆದುಕೊಟ್ಟರು. ನಾಲ್ಕನೇ ಬಾಟಲಿಯ ಹೊತ್ತಿಗೆ ಕರ್ಚೀಫಿನಲ್ಲಿ ರಕ್ತ. ಆಮೇಲೆ ಸರ್ಕಾರಿ ಕ್ಲಿನಿಕ್ಕು, ಕಫ ಪರೀಕ್ಷೆ, ಎಕ್ಸ್‌ರೇ. ಕ್ಷಯ.

ಈ ಸಿರಪ್ಪಿನ ಕಥೆ ನನ್ನೊಬ್ಬನದಲ್ಲ ಅಂತ ಗೊತ್ತಾದದ್ದು ಬಹಳ ವರ್ಷದ ಮೇಲೆ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿತಲ್ಲ, ಅವರು ಮೊದಲು ಹೋಗಿದ್ದೇ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ. ಶಾಲೆಯ ಮುಂದೆ ಎಕ್ಸ್‌ರೇ ವ್ಯಾನು ನಿಂತದ್ದು, ಅಂಗಿ ಬಿಚ್ಚಿಸಿ ಗಂಡಸರನ್ನು ಸಾಲಾಗಿ ನಿಲ್ಲಿಸಿದ್ದು ಅಮ್ಮನಿಗೆ ಚೆನ್ನಾಗಿ ನೆನಪಿತ್ತು. ಅದರ ಬೆನ್ನಲ್ಲೇ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು ಅಲ್ಲಿನ ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಡಾಕ್ಟರ ಬಳಿ ಬರೋದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ. 1963ರ ಅವರ ವರದಿ ಹೇಳಿದ್ದೇ ಬೇರೆ: ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಸಹಾಯ ಹುಡುಕಿಕೊಂಡು ಹೋಗಿದ್ದರು. ಆಸ್ಪತ್ರೆಯವರೇ ಒಂದು ಬಾಟಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ಕಫ ನೋಡಿರಲಿಲ್ಲ. ಮದರಾಸಿನ ಮನೆಚಿಕಿತ್ಸೆ, ತುಮಕೂರಿನ ಈ ಪಾಠ ಎರಡೂ ಸೇರಿಯೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಬುನಾದಿ. ಇದ್ದ ಆಸ್ಪತ್ರೆಯಲ್ಲೇ ಕಫ ನೋಡಿ, ಮನೆಗೇ ಮಾತ್ರೆ ಕೊಟ್ಟು ಕಳಿಸಿ ಅನ್ನೋದು. ಆದರೂ ಕಾಲು ಶತಮಾನ ಕಳೆದಮೇಲೆ ನನಗೆ ಸಿಕ್ಕಿದ್ದು ನಾಲ್ಕು ಬಾಟಲಿ ಸಿರಪ್ಪು. ಸಂಶೋಧನೆ ವರದಿಯಿಂದ ಡಾಕ್ಟರ ಮೇಜಿಗೆ ನಡೆದುಬರೋದಕ್ಕೆ ಇಷ್ಟು ಹೊತ್ತು ಯಾಕೋ.

ಇರಲಿ. ಆರು ತಿಂಗಳ ಮಾತ್ರೆ ಶುರುವಾಯಿತು. ಅದರಲ್ಲಿ ರಿಫಾಂಪಿಸಿನ್ ಅಂತ ಒಂದು ಕೆಂಪು ಕ್ಯಾಪ್ಸೂಲು. ತೆಗೆದುಕೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಮ್ಯಾನ್ಷನ್ನಿನ ಕಕ್ಕಸಿನಲ್ಲಿ ನೀರು ಸರಿಯಾಗಿ ಬರುತ್ತಿರಲಿಲ್ಲ. ಯಾರಾದರೂ ನೋಡಿಬಿಟ್ಟರೆ ಅಂತ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಕೆಳಗಿನ ಪಂಪಿನಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತರುತ್ತಿದ್ದೆ. ಮಾಲೀಕನಿಗೆ ಗೊತ್ತಾದರೆ ಅದೇ ದಿನ ಪೆಟ್ಟಿಗೆ ರಸ್ತೆಗೆ. ಶೆಟ್ಟಿಗೆ "ಅಲರ್ಜಿ" ಅಂತ ಸುಳ್ಳು ಹೇಳಿದೆ. ಮೂರನೇ ತಿಂಗಳಿಗೆ ಕೆಮ್ಮು ಪೂರ್ತಿ ನಿಂತಿತ್ತು, ತೂಕ ಏರಿತ್ತು. ಇನ್ನೇಕೆ ಈ ರಗಳೆ ಅಂತ ಮಾತ್ರೆ ಬಿಟ್ಟೆ. ಎರಡು ವಾರ.

ಇಲ್ಲಿ ಮತ್ತೆ ಚೇತ್‌ಪೇಟೆಗೆ ಬರಬೇಕು. ನನ್ನಂಥವರು ಹುಟ್ಟುವ ಮುಂಚೆಯೇ ನಮ್ಮ ಬುದ್ಧಿ ಅವರಿಗೆ ಗೊತ್ತಿತ್ತು! ಮನೆಗೆ ಮಾತ್ರೆ ಕೊಟ್ಟು ಕಳಿಸಿದರೆ ತಿನ್ನುತ್ತಾರೆ ಅಂತ ಏನು ಗ್ಯಾರಂಟಿ? ಪ್ಯಾಸ್ ಅಂತೂ ದಿನಕ್ಕೆ ಹಲವು ಗ್ರಾಂ ನುಂಗಬೇಕು, ಹೊಟ್ಟೆ ತೊಳಸುತ್ತೆ. ಅದಕ್ಕೇ ಫಾಕ್ಸ್ ತಂಡದವರು ಹೇಳದೆ ಕೇಳದೆ ರೋಗಿಗಳ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಅಲ್ಲೇ ಮೂತ್ರದ ಸ್ಯಾಂಪಲ್ ಕೇಳುತ್ತಿದ್ದರು. ಫೆರಿಕ್ ಕ್ಲೋರೈಡ್ ಹಾಕಿದರೆ ಪ್ಯಾಸ್ ತಿಂದವನ ಮೂತ್ರ ಬಣ್ಣ ಬದಲಿಸುತ್ತೆ. ಒಳ್ಳೆಯವರು, ಓದಿದವರು ಮಾತ್ರೆ ಬಿಡೋದಿಲ್ಲ ಅನ್ನೋ ನಂಬಿಕೆ ಅಲ್ಲಿ ಬಿತ್ತು. ಎಲ್ಲ ಬಗೆಯವರೂ ಬಿಡುತ್ತಾರೆ, ಚೆನ್ನಾಗಿದೆ ಅನ್ನಿಸಿದ ಕೂಡಲೇ ಬಿಡುತ್ತಾರೆ.

ಹಾಗಾದರೆ ಎದುರಿಗೇ ನುಂಗಿಸಿದರೆ? ದಿನಾ ಕರೆಸಲಾಗದು. ವಾರಕ್ಕೆ ಎರಡು ಸಲ ಹೆಚ್ಚು ಪ್ರಮಾಣದಲ್ಲಿ ಐಸೋನಿಯಾಜಿಡ್ ಮತ್ತು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಟ್ಟು ನೋಡಿದರು. ದಿನವಹಿ ಮನೆಯಲ್ಲಿ ನುಂಗುವ ಐಸೋನಿಯಾಜಿಡ್-ಪ್ಯಾಸ್‌ಗೆ ಅದು ಏನೂ ಕಡಿಮೆಯಿರಲಿಲ್ಲ. 1964ರಲ್ಲಿ ಪ್ರಕಟವಾಯಿತು. ಎದುರಿಗೇ ನುಂಗಿಸುವ ಈ ಉಪಾಯವೇ 1990ರ ದಶಕದಲ್ಲಿ 'ಡಾಟ್ಸ್' ಅಂತ ಹೆಸರು ಪಡೆದು ಜಗತ್ತೆಲ್ಲ ಸುತ್ತಿ, ಫಾರಿನ್ ಮಾಲಿನ ಹಾಗೆ ನಮಗೇ ವಾಪಸು ಬಂತು. ವಾರಕ್ಕೆ ಮೂರು ದಿನದ ಡೋಸುಗಳನ್ನು ಕೈಬಿಟ್ಟು ಭಾರತ ಮತ್ತೆ ದಿನವಹಿ ಮಾತ್ರೆಗೆ ಹೊರಳಿದ್ದು 2017ರಲ್ಲಿ.

ನನ್ನನ್ನು ಹಿಡಿದಿದ್ದು ಯಾವ ಫೆರಿಕ್ ಕ್ಲೋರೈಡೂ ಅಲ್ಲ. ಕ್ಲಿನಿಕ್ಕಿನ ವಯಸ್ಸಾದ ಡಾಕ್ಟರಮ್ಮ ಕಾರ್ಡು ನೋಡಿ, ನನ್ನ ಮುಖ ನೋಡಿ, "ಒನ್ನುಕ್ಕು ಎನ್ನ ಕಲರ್ ತಂಬಿ?" ಅಂದರು. ಕಿತ್ತಳೆ ಅಂದೆ. "ಹೋಗಿ ಬಾಟಲಿಯಲ್ಲಿ ಹಿಡಿದು ತಾ, ನೋಡೋಣ" ಅಂದರು. ತಲೆ ತಗ್ಗಿಸಿದೆ. ಬೈಯಲಿಲ್ಲ. ಮಧ್ಯೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೇ ಬಗ್ಗದಂತಾಗುತ್ತೆ, ಆಮೇಲೆ ನಿನ್ನಿಂದ ಅಂಟಿದವನಿಗೂ ಈ ಮಾತ್ರೆ ಹತ್ತೋದಿಲ್ಲ ಅಂದರು. ಅಷ್ಟೇ. ಆ ಎರಡನೇ ಮಾತು ತಾಗಿತು. ರೂಮಿನಲ್ಲಿ ಶೆಟ್ಟಿ ಇದ್ದನಲ್ಲ.

ಈ ಕೇಂದ್ರದ ಬಗ್ಗೆ ಬರೀ ಹೊಗಳಿಕೆ ಬರೆದರೆ ತಪ್ಪಾದೀತು. ಎರಡನೇ ದೊಡ್ಡ ಪ್ರಯೋಗದಲ್ಲಿ ಪ್ಯಾಸ್ ಇಲ್ಲದೆ ಐಸೋನಿಯಾಜಿಡ್ ಒಂದನ್ನೇ ಕೆಲವು ಗುಂಪುಗಳಿಗೆ ಕೊಟ್ಟು ನೋಡಿದರು. ಅಗ್ಗ, ನುಂಗೋದು ಸುಲಭ, ಬಡದೇಶಕ್ಕೆ ಅಷ್ಟೇ ಸಾಕಾದೀತಾ ಅನ್ನೋ ಪ್ರಶ್ನೆ ನಿಜವಾದದ್ದೇ. ಒಂದೇ ಔಷಧಿಯ ಗುಂಪುಗಳಲ್ಲಿ ಗುಣವಾಗದವರು, ಔಷಧಿಗೆ ಬಗ್ಗದವರು ಹೆಚ್ಚಾಗಿ ಕಂಡರು. ಎರಡು ಔಷಧಿ ಕೂಡಿಸಬೇಕು ಅನ್ನೋದು ಬೇರೆ ದೇಶಗಳಲ್ಲಿ ಆಗಲೇ ಗೊತ್ತಿದ್ದ ಮಾತು. ಇವತ್ತಿನ ನೀತಿಸಮಿತಿಗಳ ಮುಂದೆ ಅಂಥ ಪ್ರಯೋಗ ದಾಟೋದು ಕಷ್ಟ. ಚೀಟಿಯಲ್ಲಿ ಆ ಗುಂಪಿಗೆ ಬಿದ್ದ ಮದರಾಸಿನ ರಿಕ್ಷಾದವರೂ ಕೂಲಿಯವರೂ ಯಾವ ವರದಿಯಲ್ಲೂ ಹೆಸರಿಲ್ಲದವರು. ಜಗತ್ತಿನ ಕ್ಷಯ ಚಿಕಿತ್ಸೆ ಅವರ ಶ್ವಾಸಕೋಶದ ಮೇಲೆ ನಿಂತಿದೆ ಅಂದರೆ ಉತ್ಪ್ರೇಕ್ಷೆಯಲ್ಲ.

ಬಿಸಿಜಿ ಲಸಿಕೆಯದ್ದು ಇನ್ನೊಂದು ದೊಡ್ಡ ಕಥೆ. 1968ರಲ್ಲಿ ಪಕ್ಕದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ಶುರುವಾಯಿತು. 1979ರಲ್ಲಿ ಬಂದ ಫಲಿತಾಂಶ ಎಲ್ಲರಿಗೂ ಆಘಾತ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಲಸಿಕೆ ತಡೆದಿರಲಿಲ್ಲ. ಮಕ್ಕಳಿಗೆ ಬರುವ ಮಿದುಳಿನ ಕ್ಷಯದಂಥ ಘೋರ ರೂಪಗಳನ್ನು ತಡೆಯುತ್ತೆ ಅಂತ ಇವತ್ತಿಗೂ ಹುಟ್ಟಿದ ಮಗುವಿಗೆ ಹಾಕುತ್ತಾರೆ. ಇಷ್ಟವಿಲ್ಲದ ಫಲಿತಾಂಶವನ್ನೂ ಬಚ್ಚಿಡದೆ ಪ್ರಕಟಿಸಿದರಲ್ಲ, ಅದು ದೊಡ್ಡತನ.

ಕೇಂದ್ರಕ್ಕೆ ಈಗ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ ಅಂತ ಹೆಸರು, 2011ರಿಂದ. ಅವರು 1959ರಲ್ಲಿ ಊಟದ ಬಗ್ಗೆ ಹೇಳಿದ್ದಕ್ಕೆ ಒಂದು ತಿರುವು ಈಚೆಗೆ ಬಂತು, ಅದರಲ್ಲಿ ನಮ್ಮ ಮಂಗಳೂರಿನ ಪಾಲೂ ಇದೆ. ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ, ಚೆನ್ನೈನ ಇದೇ ಸಂಸ್ಥೆಯ ಜೊತೆ ಸೇರಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಪ್ರಯೋಗ ಮಾಡಿದರು. 2,800 ರೋಗಿಗಳು, ಅವರ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳಿಗೆಲ್ಲ ಆಹಾರದ ಬುಟ್ಟಿ. ಚೀಟಿಯಲ್ಲಿ ಬಂದ ಅರ್ಧ ಊರುಗಳಲ್ಲಿ ಮನೆಯ ಇತರರಿಗೂ ತಿಂಗಳಿಗೆ ತಲಾ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ವದ ಮಾತ್ರೆ. 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಕಾರ, ಅಕ್ಕಿಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರೋದು ನೂರಕ್ಕೆ 39ರಷ್ಟು ಇಳಿಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವೂ ಕಡಿಮೆ. ಅಂದರೆ ಹಳೇ ಪ್ರಯೋಗ ಸುಳ್ಳು ಅಂತಲ್ಲ, ಅದು ಕೇಳಿದ ಪ್ರಶ್ನೆ ಬೇರೆ. ರೋಗಿಗೆ ಸ್ಯಾನಟೋರಿಯಮ್ಮಿನ ಊಟ ಇಲ್ಲದಿದ್ದರೆ ಮಾತ್ರೆ ಕೆಲಸ ಮಾಡುತ್ತಾ ಅಂತ ಅವರು ಕೇಳಿದ್ದರು, ಮಾಡುತ್ತೆ. ಹಸಿದ ಮನೆಯಲ್ಲಿ ಮುಂದಿನ ರೋಗಿ ಯಾರು ಅಂತ ಇವರು ಕೇಳಿದರು. ಆದರೆ 'ಊಟ ಮುಖ್ಯವಲ್ಲ' ಅಂತ ಆಗ ಅರ್ಥ ಮಾಡಿಕೊಂಡದ್ದರಿಂದ ಆರು ದಶಕ ಬಡವರ ತಟ್ಟೆಯ ಮಾತು ಹಿಂದೆ ಬಿತ್ತು ಅಂತ ನನಗನ್ನಿಸುತ್ತೆ. ಸರ್ಕಾರ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡೋಕೆ ಶುರು ಮಾಡಿದ್ದು 2018ರಲ್ಲಿ, ಅದು ಸಾವಿರ ಆದದ್ದು 2024ರ ಕೊನೆಗೆ.

ಶೆಟ್ಟಿ ಈಗ ಊರಲ್ಲಿದ್ದಾನೆ. ನಾಲ್ಕು ವರ್ಷದ ಹಿಂದೆ ಅವನ ಮಗಳ ಮದುವೆಗೆ ಹೋಗಿದ್ದೆ. ಊಟ ಆದಮೇಲೆ ಹಿತ್ತಿಲಲ್ಲಿ ಕೂತು, ಇಷ್ಟು ವರ್ಷ ಹೇಳದ್ದನ್ನು ಹೇಳಿದೆ. ಅಲರ್ಜಿ ಅಲ್ಲ ಕಣೋ, ಟಿಬಿ ಆಗಿತ್ತು ಅಂತ. ಅವನು ಎಲೆಗೆ ಸುಣ್ಣ ಸವರುತ್ತಾ, "ನಂಗೆ ಆವತ್ತೇ ಗೊತ್ತಿತ್ತು ಮಾರಾಯ. ನಾಲ್ಕು ಗಂಟೆಗೆ ಎದ್ದು ನೀರು ಹೊರುವವ ಊರಲ್ಲಿ ನೀನೊಬ್ಬನೇ" ಅಂದ. ಮತ್ತೆ ಯಾಕೆ ರೂಮು ಬಿಡಲಿಲ್ಲ ಅಂದೆ. ಹೋಟೆಲಿಗೆ ಬರುತ್ತಿದ್ದ ಒಬ್ಬ ಡಾಕ್ಟರನ್ನು ಕೇಳಿದನಂತೆ. ಮಾತ್ರೆ ಶುರು ಮಾಡಿದ್ದಾನಾದರೆ ಹೆದರಬೇಡ, ನೀನೊಂದು ಎಕ್ಸ್‌ರೇ ತೆಗೆಸಿಕೋ ಅಂದರಂತೆ. ತೆಗೆಸಿದ್ದಾನೆ, ಏನೂ ಇರಲಿಲ್ಲ. ಆ ಎರಡು ವಾರ ನಾನು ನಾಲ್ಕು ಗಂಟೆಗೆ ಏಳದೆ ಮಲಗಿದ್ದನ್ನೂ ಗಮನಿಸಿದ್ದನಂತೆ. "ಕೇಳುವಾ ಅಂತ ಇದ್ದೆ, ಅಷ್ಟರಲ್ಲಿ ನೀನು ಮತ್ತೆ ನೀರು ಹೊರಲಿಕ್ಕೆ ಶುರು ಮಾಡಿದೆ" ಅಂದ.